ಟ್ಯೂಬ್‌ಲೈಟಿನ ಕೆಳಗೂ ಮುಖದ ಬಣ್ಣ ಉಳಿಸಿಕೊಟ್ಟ ಫಿಲ್ಮ್: ಫ್ಯೂಜಿ ಪ್ರೊ 400ಎಚ್‌ಗೆ ವಿದಾಯ

ಮೈಸೂರಿನ ಹಳೆಯ ಛತ್ರಗಳಲ್ಲಿ ರೀಲಿನ ಕಾಲದಲ್ಲಿ ಮದುವೆಯ ಫೋಟೊ ತೆಗೆದವರಿಗೆಲ್ಲ ಟ್ಯೂಬ್‌ಲೈಟಿನ ಹಸಿರು ಏನೆಂಬುದು ಚೆನ್ನಾಗಿ ಗೊತ್ತಿದೆ. ಧಾರೆಯ ಹೊತ್ತಿನಲ್ಲಿ ಮಂಟಪದ ಮೇಲೆ ನಾಲ್ಕಡಿಯ ಏಳೆಂಟು ಟ್ಯೂಬುಗಳು ಬೆಳ್ಳಗೆ ಉರಿಯುತ್ತಿದ್ದವು, ಅರಿಶಿನ ಹಚ್ಚಿ ಮಿಂದ ಮದುಮಗಳ ಮುಖ ಕಳೆಕಳೆಯಾಗಿ ಕಾಣುತ್ತಿತ್ತು. ನಾಲ್ಕು ದಿನ ಬಿಟ್ಟು ಲ್ಯಾಬಿನಿಂದ ಪ್ರಿಂಟು ಕೈಗೆ ಬಂದಾಗ ಅದೇ ಮುಖ ತಿಂಗಳುಗಟ್ಟಲೆ ಜ್ವರದಲ್ಲಿ ಮಲಗಿ ಎದ್ದವರ ಮುಖದಂತೆ ಬಾಡಿ, ಪಾಚಿ ಕಟ್ಟಿದ ಕಲ್ಯಾಣಿಯ ನೀರಿನ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ಹಸಿರಿನಿಂದ ನನ್ನ ಕಸುಬನ್ನು ಕಾಪಾಡಿದ್ದು ಫ್ಯೂಜಿಫಿಲ್ಮ್ ಕಂಪನಿಯ ಪ್ರೊ 400ಎಚ್ ಎಂಬ ಕಲರ್ ನೆಗೆಟಿವ್ ಫಿಲ್ಮ್. ಅದನ್ನು ನಿಲ್ಲಿಸುವುದಾಗಿ ಕಂಪನಿ 2021ರ ಜನವರಿಯಲ್ಲಿ ಪ್ರಕಟಿಸಿತು. ನನ್ನ ಬಳಿ ಉಳಿದಿದ್ದ ಕೊನೆಯ ರೋಲು ಕೂಡ ಈಗ ಮುಗಿದಿದೆ. ಒಂದು ಫಿಲ್ಮನ್ನು ಇಷ್ಟು ವರ್ಷ ನಂಬಿ ದುಡಿದ ಮೇಲೆ ಅದರ ಗುಣವನ್ನೂ ದೋಷವನ್ನೂ ಸರಿಯಾಗಿ ಬರೆದಿಡುವುದು ನನ್ನ ಕರ್ತವ್ಯವೆಂದು ತಿಳಿದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಹಸಿರಿನ ಮೂಲವನ್ನು ಹೇಳಬೇಕು. ಟ್ಯೂಬಿನೊಳಗೆ ಪಾದರಸದ ಆವಿ ಇರುತ್ತದೆ. ವಿದ್ಯುತ್ತು ಹಾಯ್ದಾಗ ಆ ಆವಿಯಿಂದ ಹೊಮ್ಮುವ ಕಣ್ಣಿಗೆ ಕಾಣದ ಕಿರಣಗಳನ್ನು ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿ ಹೀರಿಕೊಂಡು ಕಾಣುವ ಬೆಳಕನ್ನಾಗಿ ಮಾಡುತ್ತದೆ. ಆದರೆ ಪಾದರಸವು ತನ್ನದೇ ಆದ ಕೆಲವು ಬಣ್ಣದ ಗೆರೆಗಳನ್ನೂ ನೇರವಾಗಿ ಹೊರಗೆ ಬಿಡುತ್ತದೆ, ಅವುಗಳಲ್ಲಿ 546 ನ್ಯಾನೊಮೀಟರಿನ ಹಸಿರು ಗೆರೆ ಬಲು ಜೋರಾದದ್ದು. ಕೆಂಪು ಮಾತ್ರ ಆ ಬೆಳಕಿನಲ್ಲಿ ಬಡವಾಗಿರುತ್ತದೆ. ನಮ್ಮ ಕಣ್ಣು ಮತ್ತು ಮಿದುಳು ಎರಡು ನಿಮಿಷದಲ್ಲಿ ಇದಕ್ಕೆ ಹೊಂದಿಕೊಂಡು ಎಲ್ಲವನ್ನೂ ಬಿಳಿಯೆಂದು ಒಪ್ಪಿಕೊಂಡುಬಿಡುತ್ತವೆ. ಫಿಲ್ಮಿಗೆ ಆ ಹೊಂದಾಣಿಕೆ ಇಲ್ಲ. ಹಗಲಿನ ಬೆಳಕಿಗೆಂದು ತಯಾರಾದ ಫಿಲ್ಮ್ ತನ್ನ ಮೇಲೆ ಬಿದ್ದ ಹಸಿರನ್ನು ಬಿದ್ದಷ್ಟೂ ದಾಖಲಿಸುತ್ತದೆ.

ನಾನು 1993ರಲ್ಲಿ ಅಗ್ರಹಾರದ ಹತ್ತಿರದ ಒಂದು ಸ್ಟುಡಿಯೊದಲ್ಲಿ ಫ್ಲ್ಯಾಶ್ ಹಿಡಿಯುವ ಹುಡುಗನಾಗಿ ಸೇರಿದೆ. ನಾಲ್ಕು ವರ್ಷಗಳ ನಂತರ ಸ್ವತಂತ್ರವಾಗಿ ಒಪ್ಪಿಕೊಂಡ ಮೊದಲ ಕೆಲವು ಮದುವೆಗಳಲ್ಲಿ ಒಂದರ ನೆನಪು ಇಂದಿಗೂ ನನ್ನನ್ನು ನೋಯಿಸುತ್ತದೆ. ಮದುಮಗಳ ಅಜ್ಜಿ ಮಂಟಪದ ಪಕ್ಕದ ಕಿಟಕಿಯ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಒಂದು ಕೆನ್ನೆಯ ಮೇಲೆ ಬೆಳಗಿನ ಬಿಸಿಲಿನ ತೆಳು ಬೆಳಕು, ಇನ್ನೊಂದು ಕೆನ್ನೆಯ ಮೇಲೆ ಟ್ಯೂಬಿನ ಬೆಳಕು. ಫ್ಲ್ಯಾಶ್ ಹಾಕಿದರೆ ಆ ಮುಖದ ಸುಕ್ಕುಗಳ ಚೆಲುವೆಲ್ಲ ಕೆಡುತ್ತದೆಂದು ಫ್ಲ್ಯಾಶಿಲ್ಲದೆ ತೆಗೆದೆ. ತಿಂಗಳೊಳಗೆ ಅಜ್ಜಿ ತೀರಿಕೊಂಡರು. ಆಲ್ಬಮ್ಮಿನಲ್ಲಿದ್ದ ಅವರ ಒಂದೇ ಒಂದು ಫೋಟೊವನ್ನು ತೆಗೆದುಕೊಂಡು ಮದುಮಗಳ ತಂದೆ ಸ್ಟುಡಿಯೊಗೆ ಬಂದರು. ‘ನೋಡಿ ಸ್ವಾಮಿ, ಅಮ್ಮ ಅವತ್ತು ಎಷ್ಟು ಲವಲವಿಕೆಯಿಂದ ಓಡಾಡ್ತಿದ್ರು. ಇದ್ರಲ್ಲಿ ಆಗಲೇ ಹೋಗಿಬಿಟ್ಟವರ ಥರ ಬಂದಿದಾರೆ. ಇದನ್ನ ಹೇಗೆ ಗೋಡೆಗೆ ಹಾಕಲಿ?’ ಎಂದರು. ಅವರು ಜಗಳ ಮಾಡಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ನಾನು ನೆಗೆಟಿವ್ ಹಿಡಿದು ಲ್ಯಾಬಿಗೆ ಹೋಗಿ ಮೂರು ಸಲ ಪ್ರಿಂಟು ಹಾಕಿಸಿದೆ. ಪ್ರಿಂಟರ್ ಮುಂದೆ ಕುಳಿತಿದ್ದ ಹುಡುಗ ಹಸಿರನ್ನು ತೆಗೆಯಲು ಅದಕ್ಕೆ ಎದುರಾದ ಮಜೆಂಟಾ ಬಣ್ಣವನ್ನು ಏರಿಸಿದ. ಟ್ಯೂಬಿನ ಕಡೆಯ ಕೆನ್ನೆ ಸರಿಹೋಯಿತು, ಕಿಟಕಿಯ ಕಡೆಯ ಕೆನ್ನೆ ಗುಲಾಬಿಯಾಯಿತು. ಮಜೆಂಟಾ ಇಳಿಸಿದರೆ ಟ್ಯೂಬಿನ ಕಡೆಯ ಕೆನ್ನೆ ಮತ್ತೆ ಹಸಿರಾಯಿತು. ಎರಡು ಬೆಳಕು ಒಂದೇ ಮುಖದ ಮೇಲೆ ಬಿದ್ದಾಗ ಲೆನ್ಸಿನ ಮುಂದೆ ಹಾಕುವ ಫಿಲ್ಟರಾಗಲಿ, ಪ್ರಿಂಟಿನಲ್ಲಿ ಮಾಡುವ ತಿದ್ದುಪಡಿಯಾಗಲಿ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ನಾನು ಅಂದು ಕಲಿತೆ. ಟ್ಯೂಬ್‌ಲೈಟಿಗೆಂದೇ ಎಫ್‌ಎಲ್‌ಡಿ ಎಂಬ ನೇರಳೆ ಛಾಯೆಯ ಫಿಲ್ಟರ್ ಸಿಗುತ್ತಿತ್ತು, ನಿಜ. ಅದು ಸುಮಾರು ಒಂದು ಸ್ಟಾಪಿನಷ್ಟು, ಅಂದರೆ ಅರ್ಧದಷ್ಟು, ಬೆಳಕನ್ನು ನುಂಗುತ್ತಿತ್ತು. ಮೊದಲೇ ಬೆಳಕಿಗೆ ಪರದಾಡುವ ಛತ್ರದಲ್ಲಿ ಅಷ್ಟನ್ನು ಕಳೆದುಕೊಳ್ಳುವುದು ಕಷ್ಟ. ಜೊತೆಗೆ ಬಾಗಿಲು, ಕಿಟಕಿ, ಅಂಗಳ ಎಲ್ಲವನ್ನೂ ಅದು ಗುಲಾಬಿ ಮಾಡುತ್ತಿತ್ತು. ಕೊನೆಗೆ ನಾನು ಆ ತಂದೆಗೆ ಕಪ್ಪು-ಬಿಳುಪಿನಲ್ಲಿ ಒಂದು ಪ್ರತಿ ಮಾಡಿಸಿಕೊಟ್ಟೆ. ಅವರು ಅದನ್ನೇ ಕಟ್ಟು ಹಾಕಿಸಿದರು.

ಪ್ರೊ 400ಎಚ್ ನನ್ನ ಕೈಗೆ ಬಂದದ್ದು 2005ರಲ್ಲಿ. ಇದಕ್ಕಿಂತ ಮೊದಲು ಇದೇ ಸಾಲಿನ ಫಿಲ್ಮಿಗೆ ಎನ್‌ಪಿಎಚ್ 400 ಎಂಬ ಹೆಸರಿತ್ತು. ಸಾಮಾನ್ಯ ಕಲರ್ ಫಿಲ್ಮಿನಲ್ಲಿ ನೀಲಿ, ಹಸಿರು, ಕೆಂಪು ಬೆಳಕುಗಳನ್ನು ಹಿಡಿಯುವ ಮೂರು ಬಗೆಯ ಪದರಗಳಿರುತ್ತವೆ. ಫ್ಯೂಜಿ ಇದಕ್ಕೆ ನಾಲ್ಕನೆಯದೊಂದನ್ನು ಸೇರಿಸಿತು. 1989ರಲ್ಲಿ ರಿಯಾಲಾ ಎಂಬ ಫಿಲ್ಮಿನಲ್ಲಿ ಮೊದಲು ಬಂದ ಈ ಪದರ ನೀಲಿ-ಹಸಿರು ಬೆಳಕಿಗೆ ಸ್ಪಂದಿಸುವಂಥದ್ದು. ಅದರ ಕೆಲಸವನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಮನುಷ್ಯನ ಕಣ್ಣು ಬಣ್ಣಗಳನ್ನು ಅಳೆಯುವ ರೀತಿಯನ್ನು ಲೆಕ್ಕಕ್ಕೆ ಇಳಿಸಿದಾಗ ನೀಲಿ-ಹಸಿರಿನ ಭಾಗದಲ್ಲಿ ಕೆಂಪಿನ ಪಾಲು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ಅಂದರೆ ಅಲ್ಲಿ ಕೆಂಪನ್ನು ಕೂಡಿಸುವುದಲ್ಲ, ಕಳೆಯಬೇಕು. ಮೂರು ಪದರಗಳ ಫಿಲ್ಮಿಗೆ ಕೂಡಿಸುವುದು ಬರುತ್ತದೆಯೇ ಹೊರತು ಕಳೆಯುವುದು ಸುಲಭವಲ್ಲ. ನಾಲ್ಕನೆಯ ಪದರ ಆ ಕಳೆಯುವ ಕೆಲಸವನ್ನು ಮಾಡುತ್ತದೆ. ನೀಲಿ-ಹಸಿರು ಬೆಳಕು ಬಿದ್ದಲ್ಲಿ ಅದು, ಫಿಲ್ಮ್ ತೊಳೆಯುವ ಹೊತ್ತಿನಲ್ಲಿ, ಕೆಂಪಿನ ಪದರದ ಬೆಳವಣಿಗೆಯನ್ನು ಅಷ್ಟರಮಟ್ಟಿಗೆ ತಡೆಯುತ್ತದೆ. ಹೀಗೆ ಫಿಲ್ಮಿನ ನೋಟ ಕಣ್ಣಿನ ನೋಟಕ್ಕೆ ಹತ್ತಿರವಾಗುತ್ತದೆ. ರಿಯಾಲಾದ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆ, 100 ಮಾತ್ರ. ಹೊರಾಂಗಣಕ್ಕೆ ಅದು ಸೊಗಸು, ಛತ್ರದೊಳಗೆ ಸಾಲದು. 400ರ ವೇಗದ ಜೊತೆಗೆ ಇದೇ ಪದರವನ್ನು ವೃತ್ತಿಯವರ ಕೈಗೆ ಕೊಟ್ಟದ್ದು ಈ ಫಿಲ್ಮಿನ ದೊಡ್ಡ ಉಪಕಾರ.

ಟ್ಯೂಬಿನ ಹಸಿರು ಪೂರ್ತಿ ಮಾಯವಾಗುತ್ತಿತ್ತೆಂದು ನಾನು ಹೇಳುವುದಿಲ್ಲ. ಬರೀ ಟ್ಯೂಬಿನ ಬೆಳಕಿನಲ್ಲಿ ತೆಗೆದ ಚಿತ್ರದ ಹಿನ್ನೆಲೆಯ ಸುಣ್ಣದ ಗೋಡೆಯಲ್ಲಿ ಅದರ ಒಂದು ಎಳೆ ಉಳಿಯುತ್ತಿತ್ತು. ಮುಖದ ಮೇಲೆ ಮಾತ್ರ ಉಳಿಯುತ್ತಿರಲಿಲ್ಲ, ಉಳಿದರೂ ಲ್ಯಾಬಿನವರು ಸ್ವಲ್ಪ ತಿದ್ದಿದರೆ ಸಾಕಾಗುತ್ತಿತ್ತು, ಮತ್ತು ಆ ತಿದ್ದುಪಡಿಯಿಂದ ಕಿಟಕಿಯ ಕಡೆಯ ಕೆನ್ನೆ ಕೆಡುತ್ತಿರಲಿಲ್ಲ. ನನಗೆ ಬೇಕಾಗಿದ್ದುದು ಅಷ್ಟೇ.

2006ರ ವೈಶಾಖದಲ್ಲಿ ನಂಜನಗೂಡಿನ ಒಂದು ಮದುವೆಯಲ್ಲಿ ತೆಗೆದ ಚಿತ್ರ ಈಗಲೂ ನನ್ನ ಮೇಜಿನ ಮೇಲಿದೆ. ಧಾರೆ ಎರೆಯುತ್ತಿರುವ ಕ್ಷಣ. ಒಂದರ ಮೇಲೊಂದು ಇಟ್ಟ ಕೈಗಳು, ಮೇಲೆ ತೆಂಗಿನಕಾಯಿ, ಮದುಮಗಳ ತಾಯಿ ಬೆಳ್ಳಿಯ ಗಿಂಡಿಯಿಂದ ನೀರು ಬಿಡುತ್ತಿದ್ದಾರೆ. ಎಡಗಡೆಯ ದೊಡ್ಡ ಕಿಟಕಿಯಿಂದ ಕಪಿಲಾ ನದಿಯ ಕಡೆಯ ಬೆಳಕು ಬರುತ್ತಿದೆ, ತಲೆಯ ಮೇಲೆ ನಾಲ್ಕು ಟ್ಯೂಬುಗಳಿವೆ. ನೀರಿನ ಎಳೆ ಗಿಂಡಿಯ ಮೂತಿಯಿಂದ ಕಾಯಿಗೆ ತಲುಪುವಷ್ಟರಲ್ಲಿ ಅರ್ಧ ಕಿಟಕಿಯ ಬೆಳಕಿನಲ್ಲಿ ಹೊಳೆದು ಇನ್ನರ್ಧ ಟ್ಯೂಬಿನ ಬೆಳಕಿನಲ್ಲಿ ಹೊಳೆಯುತ್ತದೆ. ತಾಯಿಯ ಕೈಯ ಹಸಿರು ಗಾಜಿನ ಬಳೆಗಳು ಹಸಿರಾಗಿವೆ, ಬಳೆಯ ಕೆಳಗಿನ ಚರ್ಮ ಹಸಿರಾಗಿಲ್ಲ. ಬೆರಳುಗಳ ಅರಿಶಿನ ಅರಿಶಿನವಾಗಿಯೇ ಇದೆ. ಅವರ ಕಣ್ಣಿನ ಕೆಳಗೆ ರಾತ್ರಿಯೆಲ್ಲ ಎದ್ದಿದ್ದ ಆಯಾಸದ ನೆರಳಿದೆ, ಆ ನೆರಳಿಗೂ ಚರ್ಮದ ಬಣ್ಣವೇ ಇದೆ. ಪ್ರಿಂಟನ್ನು ಕಣ್ಣಿಗೆ ಹತ್ತಿರ ಹಿಡಿದು ಕಿಟಕಿಯ ಬೆಳಕು ಮುಗಿದು ಟ್ಯೂಬಿನ ಬೆಳಕು ಶುರುವಾಗುವ ಗೆರೆಯನ್ನು ಆ ಮುಖದಲ್ಲಿ ನಾನು ಎಷ್ಟೋ ಸಲ ಹುಡುಕಿದ್ದೇನೆ. ಸಿಕ್ಕಿಲ್ಲ.

ಈ ಫಿಲ್ಮನ್ನು ಬಳಸುವುದಕ್ಕೂ ಒಂದು ಹದವಿತ್ತು. ಡಬ್ಬಿಯ ಮೇಲೆ 400 ಎಂದಿದ್ದರೂ ನಾನು ಬೆಳಕು ಅಳೆಯುವ ಮೀಟರನ್ನು 200ಕ್ಕೆ ಇಟ್ಟು ಒಂದು ಸ್ಟಾಪು ಹೆಚ್ಚು ಬೆಳಕು ಕೊಡುತ್ತಿದ್ದೆ. ಹೊರಗೆ ಬಿಸಿಲಿದ್ದರೆ 100ಕ್ಕೂ ಇಟ್ಟದ್ದುಂಟು. ನೆಗೆಟಿವ್ ಫಿಲ್ಮ್ ಹೆಚ್ಚಿನ ಬೆಳಕನ್ನು ತಾಳಿಕೊಳ್ಳುತ್ತದೆ, ಕಡಿಮೆ ಬೆಳಕನ್ನು ತಾಳುವುದಿಲ್ಲ, ಮತ್ತು ಇದು ಆ ವಿಷಯದಲ್ಲಿ ಉಳಿದವುಗಳಿಗಿಂತ ಸೂಕ್ಷ್ಮ. ಹೊಟ್ಟೆ ತುಂಬ ಬೆಳಕು ಸಿಕ್ಕರೆ ಬಣ್ಣಗಳು ತಿಳಿಯಾಗಿ, ತಂಪಾಗಿ ಬರುತ್ತಿದ್ದವು: ಮೈಸೂರು ಮಲ್ಲಿಗೆಯ ದಂಡೆಯಲ್ಲಿ ಒಂದೊಂದು ಎಸಳು ಬೇರೆಯಾಗಿ ಕಾಣುವಷ್ಟು ಬಿಳುಪಿನ ಮಡಿಕೆಗಳು, ರೇಷ್ಮೆಯ ಪಂಚೆಯ ಕೆನೆಬಣ್ಣ, ಮೈಸೂರು ಸಿಲ್ಕ್ ಸೀರೆಯ ಜರಿ ಹಿತ್ತಾಳೆಯಾಗದೆ ಚಿನ್ನವಾಗಿಯೇ ಉಳಿಯುವುದು. ಅರ್ಧ ಸ್ಟಾಪು ಕಡಿಮೆಯಾದರೂ ನೆರಳುಗಳು ಕೆಸರಾಗಿ, ಹರಳು (ಚಿತ್ರದಲ್ಲಿ ಮರಳಿನಂತೆ ಕಾಣುವ ಕಣಗಳು) ಎದ್ದು, ಕಪ್ಪು ಕೂದಲು ಬೂದಿ ಬಳಿದಂತೆ ಆಗುತ್ತಿತ್ತು. ಇನ್ನೊಂದು ಎಚ್ಚರಿಕೆ ಟ್ಯೂಬಿನದೇ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಹಳೆಯ ಚೋಕಿನ ಟ್ಯೂಬು ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಶಟರಿನ ವೇಗ ಅದಕ್ಕಿಂತ ಹೆಚ್ಚಾದರೆ ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಬೆಳಕು, ಬಣ್ಣ ಎರಡೂ ಬದಲಾಗುತ್ತವೆ. ಆದ್ದರಿಂದ ನಾನು 1/30 ಅಥವಾ 1/60 ಸೆಕೆಂಡಿನಲ್ಲಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಹಿಡಿದು ಕ್ಲಿಕ್ ಮಾಡುತ್ತಿದ್ದೆ. ಪುರೋಹಿತರು ‘ಮಾಂಗಲ್ಯಂ ತಂತುನಾನೇನ’ ಎಂದು ಶುರು ಮಾಡಿದಾಗ ಕೈ ನಡುಗದಂತೆ ನೋಡಿಕೊಳ್ಳುವುದೇ ಆ ದಿನದ ದೊಡ್ಡ ಪರೀಕ್ಷೆ.

ದೋಷಗಳನ್ನೂ ಮುಚ್ಚಿಡಬಾರದು. ಕೆಂಪು ಈ ಫಿಲ್ಮಿನ ಬಲವಾಗಿರಲಿಲ್ಲ. ಬೆಳಕು ಹೆಚ್ಚು ಕೊಟ್ಟಾಗ ಕುಂಕುಮದ ಕೆಂಪು ಗುಲಾಬಿಯತ್ತ ವಾಲುತ್ತಿತ್ತು, ಕನಕಾಂಬರದ ಬಣ್ಣ ತೆಳುವಾಗುತ್ತಿತ್ತು. ಗಾಢ ಕೆಂಪು ಸೀರೆಯ ಮದುಮಗಳಿದ್ದರೆ ನಾನು ಒಂದು ರೋಲು ಕೊಡಾಕ್ ಪೋರ್ಟ್ರಾವನ್ನೂ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹಳದಿ ಬಲ್ಬಿನ ಬೆಳಕಿಗೂ ಇದು ಹೇಳಿ ಮಾಡಿಸಿದ್ದಲ್ಲ. ದಸರೆಯಲ್ಲಿ ಒಂದು ಲಕ್ಷಕ್ಕೆ ಸಮೀಪದ ಬಲ್ಬುಗಳು ಹೊತ್ತಿ ಅರಮನೆ ಬೆಳಗುವಾಗ ಇದರಲ್ಲಿ ತೆಗೆದ ಚಿತ್ರಗಳು ಇಟ್ಟಿಗೆಯ ಬಣ್ಣಕ್ಕೆ ಬಂದವು, ಆಕಾಶದ ಕೊನೆಯ ನೀಲಿಯೊಂದೇ ಚೆನ್ನಾಗಿತ್ತು. ನಾಲ್ಕನೆಯ ಪದರ ಹಳದಿ ಬಲ್ಬಿಗಾಗಿ ಬಂದದ್ದಲ್ಲ, ಹಾಗಾಗಿ ಇದನ್ನು ದೊಡ್ಡ ತಪ್ಪೆಂದು ನಾನು ಎಣಿಸುವುದಿಲ್ಲ. ಬೆಲೆಯಂತೂ ಫ್ಯೂಜಿಯದೇ ಸಾಮಾನ್ಯ ಫಿಲ್ಮಾದ ಸೂಪೀರಿಯಾ ರೋಲಿಗಿಂತ ಎಷ್ಟೋ ಹೆಚ್ಚಿತ್ತು, ಮೈಸೂರಿನ ಅಂಗಡಿಗಳಲ್ಲಿ ಎಲ್ಲ ಕಾಲದಲ್ಲೂ ಸಿಗುತ್ತಿರಲಿಲ್ಲ, ಬೆಂಗಳೂರಿನಿಂದ ತರಿಸಬೇಕಾಗುತ್ತಿತ್ತು.

ಹಸಿರಿನ ವಿಷಯದಲ್ಲಿ ಮಾತ್ರ ನಾನು ಇದಕ್ಕೆ ಸಮನಾದದ್ದನ್ನು ಕಂಡಿಲ್ಲ, ಹೊರಾಂಗಣದಲ್ಲೂ ಕೂಡ. ಮಂಡ್ಯದ ಕಡೆ ನಾಲೆಯ ಬಯಲಿನಲ್ಲಿ ಭತ್ತದ ಪೈರು, ಕಬ್ಬಿನ ಗರಿ, ತೆಂಗು, ಬಾಳೆ ಎಲ್ಲವೂ ಹಸಿರೇ. ಆದರೆ ನಾಟಿ ಮಾಡಿದ ಹದಿನೈದು ದಿನದ ಪೈರಿನ ಎಳೆ ಹಸಿರಿಗೂ ಕಟಾವಿಗೆ ಬಂದ ಕಬ್ಬಿನ ಗರಿಯ ಹಸಿರಿಗೂ ಇರುವ ಅಂತರವನ್ನು ಅಲ್ಲಿಯ ರೈತ ದೂರದಿಂದಲೇ ಹೇಳಬಲ್ಲ. ಬಹಳಷ್ಟು ಫಿಲ್ಮುಗಳು ಇವೆಲ್ಲವನ್ನೂ ಒಂದೇ ಹಳದಿ ಕಲೆಸಿದ ಹಸಿರಿಗೆ ಇಳಿಸುತ್ತಿದ್ದವು. ಪ್ರೊ 400ಎಚ್ ಅವುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಡುತ್ತಿತ್ತು. ಮಳೆ ಬಿಟ್ಟ ಮಧ್ಯಾಹ್ನಗಳಲ್ಲಿ ಶ್ರೀರಂಗಪಟ್ಟಣದಿಂದ ಪಾಂಡವಪುರದ ಕಡೆಗೆ ಹೋಗುತ್ತ ರಸ್ತೆಯ ಬದಿಯಲ್ಲಿ ಬೈಕು ನಿಲ್ಲಿಸಿ ತೆಗೆದ ಅಂಥ ಚಿತ್ರಗಳನ್ನು ಯಾರೂ ದುಡ್ಡು ಕೊಟ್ಟು ಕೊಳ್ಳಲಿಲ್ಲ, ಆದರೂ ನನ್ನ ಸಂಗ್ರಹದಲ್ಲಿ ನನಗೆ ತೀರ ಇಷ್ಟವಾದವು ಅವೇ.

ಮದುವೆಗಳು ಡಿಜಿಟಲ್ಲಿಗೆ ಹೊರಳಿದ ಮೇಲೆ ನಾನೂ ಹೊರಳಿದೆ, ಹೊಟ್ಟೆಪಾಡಿನ ಮಾತು. ಆದರೆ ಪ್ರತಿ ಮದುವೆಗೂ ಒಂದೆರಡು 120 ರೋಲುಗಳನ್ನು (35 ಎಂಎಂಗಿಂತ ಅಗಲವಾದ ಫಿಲ್ಮ್), ಹಳೆಯ ಯಾಷಿಕಾ ಮ್ಯಾಟ್ 124ಜಿ ಕ್ಯಾಮೆರಾದ ಜೊತೆ, ನನ್ನ ಖರ್ಚಿನಲ್ಲೇ ಒಯ್ಯುವುದನ್ನು ಬಿಡಲಿಲ್ಲ. ಒಂದು ರೋಲಿಗೆ ಹನ್ನೆರಡು ಚೌಕ ಚಿತ್ರಗಳು. ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ಬಗ್ಗಿಸಿ ಗಾಜಿನಲ್ಲಿ ನೋಡುವಾಗ ಎದುರಿಗಿದ್ದವರಿಗೆ ಯಾರೋ ತಮಗೆ ನಮಸ್ಕಾರ ಮಾಡುತ್ತಿರುವಂತೆ ಅನ್ನಿಸುತ್ತದೆಯೋ ಏನೋ, ಹಿರಿಯರು ಮುಖವನ್ನು ಬಿಗಿ ಮಾಡಿಕೊಳ್ಳುವುದಿಲ್ಲ. ಈ ರೋಲಿನ ತಯಾರಿಕೆಯಲ್ಲಿದ್ದ ಒಂದು ಸಣ್ಣ ಕಾಳಜಿಯನ್ನೂ ಇಲ್ಲಿ ಹೇಳಲೇಬೇಕು. 120 ರೋಲು ಮುಗಿದ ಮೇಲೆ ಅದನ್ನು ಬಿಗಿಯಾಗಿ ಸುತ್ತಿ ಕಾಗದದ ಪಟ್ಟಿಯಿಂದ ಅಂಟಿಸಬೇಕು. ಬೇರೆ ಕಂಪನಿಯ ರೋಲುಗಳಲ್ಲಿ ಆ ಪಟ್ಟಿಯ ಗೋಂದನ್ನು ಅಂಚೆಚೀಟಿಯಂತೆ ನಾಲಿಗೆಯಿಂದ ಒದ್ದೆ ಮಾಡಬೇಕಾಗಿತ್ತು. ಹೋಮದ ಹೊಗೆಯಲ್ಲಿ, ಕೈಗೆ ಅಕ್ಷತೆ, ಅರಿಶಿನ ಮೆತ್ತಿಕೊಂಡಿರುವಾಗ, ಬಾಯಿ ಒಣಗಿರುವಾಗ, ಅದು ಅಂಟದೆ ರೋಲು ಸಡಿಲವಾಗಿ ಅಂಚಿನಿಂದ ಬೆಳಕು ನುಗ್ಗಿ ಮೂರು ಚಿತ್ರಗಳನ್ನು ನಾನು ಒಮ್ಮೆ ಕಳೆದುಕೊಂಡಿದ್ದೇನೆ. ಫ್ಯೂಜಿಯ ಪಟ್ಟಿಯಲ್ಲಿ ಮೇಲಿನ ಹಾಳೆ ಸುಲಿದು ಒತ್ತಿದರೆ ಮುಗಿಯಿತು. ಕೆಲಸದ ನಡುವೆ ನಿಂತವನ ಕಷ್ಟವನ್ನು ಬಲ್ಲವರು ಮಾಡಿದ ಫಿಲ್ಮ್ ಇದು ಎಂದು ಪ್ರತಿ ಸಲ ಆ ಪಟ್ಟಿಯನ್ನು ಒತ್ತುವಾಗಲೂ ಅನ್ನಿಸುತ್ತಿತ್ತು.

2021ರ ಜನವರಿಯ ಪ್ರಕಟಣೆಯಲ್ಲಿ ಕಂಪನಿ ಕಾರಣವನ್ನು ಮುಚ್ಚಿಡಲಿಲ್ಲ. ತಮ್ಮ ಫಿಲ್ಮುಗಳಲ್ಲಿ ನಾಲ್ಕನೆಯ ಪದರವಿರುವುದು ಇದೊಂದಕ್ಕೇ, ಆ ಪದರಕ್ಕೆ ಬೇಕಾದ ವಿಶೇಷ ಕಚ್ಚಾ ಸಾಮಗ್ರಿಗಳು ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ, ಆದ್ದರಿಂದ 35 ಎಂಎಂ ರೋಲುಗಳನ್ನು ತಕ್ಷಣವೇ ನಿಲ್ಲಿಸುತ್ತೇವೆ, 120 ರೋಲುಗಳು ಉಳಿದಿರುವಷ್ಟು ಆ ವರ್ಷದ ಡಿಸೆಂಬರ್ ಕೊನೆಯವರೆಗೆ ಸಿಗಬಹುದು ಎಂದು ಅದರಲ್ಲಿತ್ತು. ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಒಂದು ಬಗೆಯ ತಬ್ಬಿಬ್ಬು. ಯಾವ ಪದರಕ್ಕಾಗಿ ನಾವು ಈ ಫಿಲ್ಮನ್ನು ಹುಡುಕಿಕೊಂಡು ಹೋಗುತ್ತಿದ್ದೆವೋ ಅದೇ ಪದರ ಇದರ ಆಯಸ್ಸನ್ನು ಮುಗಿಸಿತು. ಆ ಪದರವನ್ನು ಕೈಬಿಟ್ಟು ಮೂರೇ ಪದರಗಳಲ್ಲಿ ಬೇರೇನನ್ನೋ ಮಾಡಿ ಇದೇ ಹೆಸರಿನಲ್ಲಿ ಮಾರಲಿಲ್ಲವಲ್ಲ ಎಂಬುದಕ್ಕೆ ಕಂಪನಿಯ ಬಗ್ಗೆ ನನಗೆ ಗೌರವವಿದೆ. ನಮ್ಮ ಪಕ್ಕದ ಊಟಿಯಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಕಪ್ಪು-ಬಿಳುಪು ಫಿಲ್ಮನ್ನು ಮಾಡುತ್ತಿದ್ದುದನ್ನೂ, ಅದು ನಿಂತುಹೋದುದನ್ನೂ ಕಂಡವರು ನಾವು. ಫಿಲ್ಮ್ ಸಾಯುವುದು ನಮಗೆ ಹೊಸ ಸುದ್ದಿಯಲ್ಲ. ಆದರೂ ಒಂದು ಫಿಲ್ಮ್ ಹೋದಾಗ ಅದರ ಜೊತೆ ಒಂದು ಬಗೆಯ ನೋಟವೇ ಹೋಗುತ್ತದೆ, ಅದನ್ನು ಬೇರೆ ಫಿಲ್ಮಿನಿಂದ ತುಂಬಲು ಬರುವುದಿಲ್ಲ.

ಬದಲಿಗೆ ಏನು ಬಳಸಬೇಕೆಂದು ಕಿರಿಯ ಗೆಳೆಯರು ಕೇಳುತ್ತಾರೆ. ಪೋರ್ಟ್ರಾ 400 ಇದೆ. ಹರಳು ಇದಕ್ಕಿಂತ ನಯ, ಕಡಿಮೆ ಬೆಳಕನ್ನು ತಾಳುವ ಶಕ್ತಿ ಹೆಚ್ಚು, ಕೆಂಪು ಬಲು ಚೆನ್ನು. ನಮ್ಮ ಕಡೆಯ ಚರ್ಮದ ಬಣ್ಣಕ್ಕೆ ಅದು ಕೊಡುವ ಬಿಸುಪು ಅನೇಕರಿಗೆ ಇಷ್ಟವೂ ಆಗುತ್ತದೆ. ಇವತ್ತು ಒಂದೇ ಫಿಲ್ಮ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಆದರೆ ಕಿಟಕಿ ಮತ್ತು ಟ್ಯೂಬು ಸೇರಿದಲ್ಲಿ ಅದು ಕೈಕೊಡುತ್ತದೆ. ಡಿಜಿಟಲ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ ಎಂಬ ಅನುಕೂಲವಿದ್ದರೂ ಅದು ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ. ಎರಡು ಬೆಳಕಿನ ಮುಖವನ್ನು ಕಂಪ್ಯೂಟರಿನಲ್ಲಿ ಭಾಗ ಭಾಗವಾಗಿ ಕೂತು ತಿದ್ದಬೇಕು. ಮಾಡಬಹುದು, ನಾನೂ ಮಾಡುತ್ತೇನೆ, ಒಂದು ಮುಖಕ್ಕೆ ಅರ್ಧ ಗಂಟೆ ಹಿಡಿಯುತ್ತದೆ.

ಇದರ ಜೊತೆಗೆ ಇನ್ನೊಂದು ಬದಲಾವಣೆಯನ್ನೂ ಒಪ್ಪಿಕೊಳ್ಳಬೇಕು. ಈಗ ನಮ್ಮ ಊರುಗಳ ಛತ್ರಗಳಲ್ಲಿ ಟ್ಯೂಬುಗಳೇ ಹೋಗುತ್ತಿವೆ, ಎಲ್ಲೆಡೆ ಎಲ್‌ಇಡಿ ಬಂದಿದೆ. ಅದರಲ್ಲಿ ಪಾದರಸದ ಹಸಿರು ಗೆರೆ ಇಲ್ಲ. ಅದರ ತೊಂದರೆಗಳು ಬೇರೆ. ಪ್ರೊ 400ಎಚ್ ಇಂದು ಅಂಗಡಿಯಲ್ಲಿ ಸಿಗುವಂತಿದ್ದರೂ ಅದರ ನಾಲ್ಕನೆಯ ಪದರಕ್ಕೆ ಮದುವೆ ಮನೆಯಲ್ಲಿ ಮೊದಲಿನಷ್ಟು ಕೆಲಸ ಇರುತ್ತಿರಲಿಲ್ಲ. ಒಂದು ಬೆಳಕಿನ ಕಷ್ಟಕ್ಕೆ ಬಂದ ಫಿಲ್ಮ್ ಆ ಬೆಳಕಿನ ಹಿಂದೆಯೇ ಹೊರಟಿದೆ.

ಅವಧಿ ಮೀರಿದ ರೋಲುಗಳು ಈಗಲೂ ಅಲ್ಲಲ್ಲಿ ಮಾರಾಟಕ್ಕೆ ಬರುತ್ತವೆ, ಮೊದಲಿನ ಬೆಲೆಯ ಹಲವು ಪಟ್ಟು ಕೇಳುತ್ತಾರೆ. ನನ್ನ ಸಲಹೆ: ಫ್ರಿಜ್ಜಿನಲ್ಲೇ ಇಟ್ಟಿದ್ದರೆಂದು ನಿಮಗೆ ಖಾತ್ರಿಯಿರುವವರಿಂದ ಹೊರತು ಕೊಳ್ಳಬೇಡಿ. ಕಲರ್ ಫಿಲ್ಮಿನ ಪದರಗಳು ಸೆಕೆಯಲ್ಲಿ ಒಂದೊಂದೂ ಒಂದೊಂದು ಗತಿಯಲ್ಲಿ ಮುದಿಯಾಗುತ್ತವೆ. ಮಂಡ್ಯದ ಒಂದು ಬೇಸಿಗೆಯನ್ನು ಬೀರುವಿನಲ್ಲಿ ಕಳೆದ ರೋಲಿನಲ್ಲಿ ಮೂರು ಪದರಗಳ ಸಮತೋಲವೇ ಉಳಿದಿರುವುದಿಲ್ಲ, ನಾಲ್ಕನೆಯದರ ಮಾತು ದೂರ. ಇಟ್ಟುಕೊಂಡವರು ಇನ್ನೂ ಕೂಡಿಡಬೇಡಿ, ಬೇಗ ಬಳಸಿ, 100ಕ್ಕೆ ಅಳೆದು ಧಾರಾಳವಾಗಿ ಬೆಳಕು ಕೊಡಿ. ಫ್ರಿಜ್ಜಿನಿಂದ ತೆಗೆದ ರೋಲನ್ನು ಬೆಳ್ಳಿ ಹಾಳೆಯ ಸಮೇತ ಎರಡು ಗಂಟೆಯಾದರೂ ಹೊರಗಿಟ್ಟು, ಅದು ಕೋಣೆಯ ಬಿಸುಪಿಗೆ ಬಂದ ಮೇಲೆ ಬಿಚ್ಚಿ, ಇಲ್ಲದಿದ್ದರೆ ಪದರದ ಮೇಲೆ ನೀರು ಕೂರುತ್ತದೆ. ಊರಿನ ಲ್ಯಾಬುಗಳು ಫಿಲ್ಮ್ ತೊಳೆಯುವುದನ್ನು ಒಂದೊಂದಾಗಿ ನಿಲ್ಲಿಸಿದ ಮೇಲೆ ನಾನು ಮನೆಯಲ್ಲೇ ತೊಳೆಯುತ್ತೇನೆ. ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ, 37.8 ಡಿಗ್ರಿ ಸೆಲ್ಸಿಯಸ್ ಇರಬೇಕು, 3 ನಿಮಿಷ 15 ಸೆಕೆಂಡು. ಬಚ್ಚಲಿನಲ್ಲಿ ದೊಡ್ಡ ಬೇಸಿನ್ನಿಗೆ ಬಿಸಿನೀರು ತುಂಬಿ, ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ, ಥರ್ಮಾಮೀಟರಿನ ಮೇಲೆ ಕಣ್ಣಿಟ್ಟರೆ ಸಾಧ್ಯವಾಗುತ್ತದೆ.

ಕೊನೆಯ 120 ರೋಲನ್ನು ಯಾವುದಕ್ಕೆ ಬಳಸಬೇಕೆಂದು ಬಹಳ ದಿನ ಯೋಚಿಸಿದ್ದೆ. ಮಂಡ್ಯ ತಾಲ್ಲೂಕಿನ ಒಂದು ಸಮುದಾಯ ಭವನದ ಮದುವೆಗೆ ಹೋದಾಗ ಮಂಟಪದಲ್ಲೆಲ್ಲ ಎಲ್‌ಇಡಿ ಇತ್ತು. ಊಟದ ಹೊತ್ತಿಗೆ ನೀರು ಕುಡಿಯಲು ಹಿಂದಿನ ಅಡುಗೆ ಮನೆಗೆ ಹೋದರೆ ಅಲ್ಲಿ ಎರಡು ಹಳೆಯ ಟ್ಯೂಬುಗಳು ಗುಂಯ್ಗುಡುತ್ತಿದ್ದವು, ಒಲೆಯ ಪಕ್ಕದ ಕಿಟಕಿಯಿಂದ ಹೊಗೆಯನ್ನು ಸೀಳಿಕೊಂಡು ಬಿಸಿಲು ಬರುತ್ತಿತ್ತು. ಇಷ್ಟು ವರ್ಷಗಳ ಮದುವೆಗಳಲ್ಲಿ ನಾನು ಅಡುಗೆಯವರ ಮೇಲೆ ಒಂದು ಫ್ರೇಮನ್ನೂ ಖರ್ಚು ಮಾಡಿರಲಿಲ್ಲ, ಲೆಕ್ಕದ ರೀಲಿನಲ್ಲಿ ಅವರ ಪಾಲು ಬರುತ್ತಲೇ ಇರಲಿಲ್ಲ. ಯಾಷಿಕಾ ತಂದು ರೋಲು ಹಾಕಿದೆ. ಹಪ್ಪಳ ಕರಿಯುತ್ತಿದ್ದ ಹೆಂಗಸು, ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹುಡುಗ, ಬಾಳೆಲೆ ಒರೆಸುತ್ತಿದ್ದ ಇಬ್ಬರು, ಹೊರಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಓಲಗದವರು: ಹನ್ನೊಂದು ಚಿತ್ರಗಳಾದವು. ಹನ್ನೆರಡನೆಯದಕ್ಕೆ ಮುಖ್ಯ ಅಡುಗೆಯವರನ್ನು ಕಿಟಕಿಯ ಹತ್ತಿರ ಬರುವಂತೆ ಕೇಳಿದೆ. ‘ನಮ್ದೇನ್ ಫೋಟೊ ಬುಡಣ್ಣ, ಮೈಯೆಲ್ಲ ಬೆವರು,’ ಎನ್ನುತ್ತಲೇ ಹೆಗಲ ಮೇಲಿನ ಟವಲಿನಿಂದ ಕುತ್ತಿಗೆ ಒರೆಸಿಕೊಂಡು, ಸೌಟನ್ನು ಕೆಳಗಿಡದೆ ನಿಂತರು.

ಆ ನೆಗೆಟಿವನ್ನು ತೊಳೆದು ಒಣಗಿಸಿ, ಎಂಟಕ್ಕೆ ಎಂಟು ಇಂಚಿನ ಪ್ರಿಂಟು ಹಾಕಿಸಿ ಅವರಿಗೆ ಒಂದು ಕಾಪಿ ತಲುಪಿಸಿದ್ದೇನೆ, ಒಂದು ನನ್ನಲ್ಲಿದೆ. ಸೌಟಿನ ಹಿತ್ತಾಳೆ, ಟವಲಿನ ಕೆಂಪು ಅಂಚು ತುಸು ಗುಲಾಬಿಯತ್ತ ವಾಲಿದ್ದು, ಹಿಂದಿನ ಮಸಿ ಹಿಡಿದ ಗೋಡೆಯಲ್ಲಿ ಹಸಿರಿನ ಒಂದು ಎಳೆ. ಹಣೆಯ ಬೆವರಿನಲ್ಲಿ ಒಂದು ಕಡೆ ಕಿಟಕಿ ಹೊಳೆಯುತ್ತಿದೆ, ಇನ್ನೊಂದು ಕಡೆ ಟ್ಯೂಬು ಹೊಳೆಯುತ್ತಿದೆ, ಮುಖಕ್ಕೆ ಮಾತ್ರ ಎರಡು ಕಡೆಯೂ ಒಂದೇ ಬಣ್ಣವಿದೆ.